ಸ್ಪರ್ಶಪರದೆಯ ನಿಯಂತ್ರಣ ಫಲಕ: ಬಳಕೆ ಮತ್ತು ಜೋಪಾನ

ಏತ, ಕಪಿಲೆಗಳಿಂದ ನೀರೆತ್ತುತ್ತಿದ್ದ ಕಾಲ ಹೋಗಿ ವಿದ್ಯುತ್ ಪಂಪುಗಳು ಬಂದವು. ಕಾಲುವೆಯಲ್ಲಿ ನೀರು ತಿರುಗಿಸುತ್ತಿದ್ದ ಜಮೀನುಗಳಿಗೆ ಹನಿ ನೀರಾವರಿ ಬಂದಿತು. ಈಗ ದೊಡ್ಡಬಳ್ಳಾಪುರ, ಕೋಲಾರ, ಚಿಕ್ಕಬಳ್ಳಾಪುರಗಳ ಕಡೆ ಗುಲಾಬಿ, ದೊಣ್ಣೆಮೆಣಸಿನಕಾಯಿ ಬೆಳೆಯುವ ಕೆಲವು ಹಸಿರುಮನೆಗಳಲ್ಲಿ ನೀರು ಮತ್ತು ಗೊಬ್ಬರವನ್ನು ಅಳತೆಗೆ ತಕ್ಕಂತೆ ಬೆರೆಸಿ ಗಿಡದ ಬುಡಕ್ಕೆ ಕಳುಹಿಸುವ ರಸಾವರಿ ಯಂತ್ರಗಳನ್ನು ಕಾಣಬಹುದು. ಅವುಗಳಲ್ಲಿ ಹಲವಕ್ಕೆ ಗುಂಡಿ, ತಿರುಪುಗಳ ಬದಲು ಸ್ಲೇಟಿನಂಥ ಒಂದು ಪರದೆ ಇರುತ್ತದೆ. ಬೆರಳಿನಿಂದ ಮುಟ್ಟಿದರೆ ಪಂಪು ಓಡುತ್ತದೆ, ಕವಾಟ ತೆರೆಯುತ್ತದೆ. ಇದೇ ಸ್ಪರ್ಶಪರದೆಯ ಫಲಕ. ಅಕ್ಕಿ ಗಿರಣಿ, ಶೀತಲಗೃಹಗಳಲ್ಲಿಯೂ ಇಂಥ ಫಲಕಗಳು ಬಳಕೆಗೆ ಬಂದಿವೆ.

ಮೊಬೈಲ್ ಫೋನು ಬಳಸುವವರಿಗೆ ಇದರಲ್ಲಿ ಕಲಿಯುವುದೇನಿದೆ ಎನಿಸಬಹುದು. ಆದರೆ ಫೋನಿನಲ್ಲಿ ತಪ್ಪು ಒತ್ತಿದರೆ ಬೇರೆ ಯಾರಿಗೋ ಕರೆ ಹೋದೀತು, ಅಷ್ಟೆ. ಇಲ್ಲಿ ತಪ್ಪು ಒತ್ತಿದರೆ ಬೆಳೆ ಸುಟ್ಟೀತು, ಇಲ್ಲವೆ ತಿರುಗುವ ಯಂತ್ರಕ್ಕೆ ಕೈ ಸಿಕ್ಕೀತು. ಆದುದರಿಂದ ಕೆಳಗಿನ ಅಂಶಗಳನ್ನು ನೀವೂ ತಿಳಿಯಿರಿ, ನಿಮ್ಮ ಆಳುಗಳಿಗೂ ತಿಳಿಸಿರಿ.

ಪರದೆ ಬೇರೆ, ನಿಯಂತ್ರಕ ಬೇರೆ

ಯಂತ್ರವನ್ನು ನಡೆಸುವುದು ಪರದೆಯಲ್ಲ. ಪೆಟ್ಟಿಗೆಯೊಳಗೆ ಪಿ.ಎಲ್.ಸಿ. ಎಂಬ ನಿಯಂತ್ರಕವಿರುತ್ತದೆ. ಪಂಪು, ಕವಾಟಗಳಿಗೆ ಆಜ್ಞೆ ಕೊಡುವುದು ಅದರ ಕೆಲಸ. ನಿಮ್ಮ ಮಾತನ್ನು ಅದಕ್ಕೆ ಮುಟ್ಟಿಸಿ, ಅದರ ಉತ್ತರವನ್ನು ನಿಮಗೆ ತೋರಿಸುವುದಷ್ಟೇ ಪರದೆಯ ಕೆಲಸ. ಇವೆರಡರ ನಡುವೆ ಒಂದು ತಂತಿ ಇರುತ್ತದೆ.

ಇದರಿಂದ ತಿಳಿಯಬೇಕಾದ ಮುಖ್ಯ ಸಂಗತಿಯೆಂದರೆ, ಪರದೆ ಕಪ್ಪಾದರೂ ಪಂಪು ಓಡುತ್ತಲೇ ಇರಬಹುದು. ನಡುವಿನ ತಂತಿ ಕಳಚಿದರೆ ಪರದೆಯ ಮೇಲಿನ ‘ನಿಲ್ಲಿಸು’ ಗುಂಡಿಯನ್ನು ಎಷ್ಟು ಸಲ ಒತ್ತಿದರೂ ಯಂತ್ರ ನಿಲ್ಲದು. ಆದಕಾರಣ ತುರ್ತು ನಿಲುಗಡೆಗೆ ಕೈಯಿಂದ ಗುದ್ದಿ ಒತ್ತುವ ನಿಜವಾದ ಕೆಂಪು ಗುಂಡಿ ಇರಲೇಬೇಕು. ಅದರ ತಂತಿ ನೇರವಾಗಿ ಮೋಟಾರಿನ ಸ್ಟಾರ್ಟರಿನ ಮಾರ್ಗಕ್ಕೆ ಹೋಗಿರಬೇಕು. ಯಂತ್ರ ಕೊಳ್ಳುವಾಗಲೇ ಇದನ್ನು ಕೇಳಿರಿ. ತಿಂಗಳಿಗೊಮ್ಮೆ ಒತ್ತಿ ಪರೀಕ್ಷಿಸಿರಿ.

ರಿಪೇರಿಗೆ ಕೈಹಾಕುವ ಮುನ್ನ

ಮೂರು ಫೇಸ್ ವಿದ್ಯುತ್ತು ದಿನಕ್ಕೆ ಕೆಲವೇ ತಾಸು ಸಿಗುವ ಹಳ್ಳಿಗಳಲ್ಲಿ ಈ ಅಂಶವನ್ನು ವಿಶೇಷವಾಗಿ ಗಮನಿಸಬೇಕು. ಫಲಕವು ‘ಆಟೋ’ ಸ್ಥಿತಿಯಲ್ಲಿದ್ದರೆ, ವಿದ್ಯುತ್ತು ಬಂದೊಡನೆ ಅಥವಾ ನಿಗದಿಯಾದ ಗಂಟೆ ಬಂದೊಡನೆ ಪಂಪು ತಾನಾಗಿ ಓಡತೊಡಗಬಹುದು. ವಿದ್ಯುತ್ತು ಇಲ್ಲವೆಂದು ನೀವು ಪಂಪಿನ ಕಪ್ಲಿಂಗಿಗೆ ಕೈಹಾಕಿರುವಾಗಲೇ ಅದು ಬಂದರೆ ಗತಿಯೇನು?

ಪರದೆಯಲ್ಲಿ ‘ಆಫ್’ ಒತ್ತಿದರೆ ಸಾಲದು. ಮೊದಲು ಫಲಕವನ್ನು ‘ಮ್ಯಾನ್ಯುಯಲ್’ ಸ್ಥಿತಿಗೆ ತನ್ನಿ. ಅನಂತರ ಮೈನ್ ಸ್ವಿಚ್ ತೆಗೆದು ಅದಕ್ಕೆ ಬೀಗ ಹಾಕಿ, ಬೀಗದ ಕೈಯನ್ನು ನಿಮ್ಮ ಜೇಬಿನಲ್ಲಿಟ್ಟುಕೊಳ್ಳಿ. ‘ಕೆಲಸ ನಡೆದಿದೆ, ಸ್ವಿಚ್ ಹಾಕಬೇಡಿ’ ಎಂಬ ಹಲಗೆ ತೂಗುಹಾಕಿರಿ. ಇದಿಷ್ಟೂ ಆದ ಮೇಲೆ ಪಂಪಿಗೆ ಕೈಹಾಕಿರಿ. ಫಿಲ್ಟರ್ ಬಿಚ್ಚುವುದಾದರೆ ಕೊಳವೆಯೊಳಗಿನ ಒತ್ತಡವನ್ನೂ ಮೊದಲು ಇಳಿಸಬೇಕು.

ಎರಡು ಬಗೆಯ ಪರದೆಗಳು

ಮೊದಲನೆಯ ಬಗೆಯ ಪರದೆಯಲ್ಲಿ ಎರಡು ತೆಳು ಪದರಗಳಿರುತ್ತವೆ. ಬೆರಳಿನಿಂದ ಒತ್ತಿದಾಗ ಅವು ಒಂದಕ್ಕೊಂದು ತಗಲಿ ಸೂಚನೆ ಹೋಗುತ್ತದೆ. ಇದು ಕೈಗವಸು ಹಾಕಿದ್ದರೂ ಕೆಲಸ ಮಾಡುತ್ತದೆ. ಆದರೆ ಮೇಲಿನ ಪದರ ಮೆತುವಾದ್ದರಿಂದ ಬೇಗ ಗೀರು ಬೀಳುತ್ತದೆ. ಎರಡನೆಯ ಬಗೆ ಮೊಬೈಲಿನಂತೆ ಗಾಜಿನದು. ಇದು ಬೆರಳಿನ ವಿದ್ಯುತ್ ಗುಣದಿಂದ ಸ್ಪರ್ಶವನ್ನು ಗುರುತಿಸುತ್ತದೆ. ಇದಕ್ಕೆ ಒತ್ತಡ ಬೇಕಿಲ್ಲ. ಆದರೆ ದಪ್ಪ ಕೈಗವಸು ಹಾಕಿದರೆ ಸಾಮಾನ್ಯವಾಗಿ ಸ್ಪಂದಿಸದು, ನೀರಿನ ಹನಿ ಬಿದ್ದರೆ ಮುಟ್ಟದೆಯೇ ಮುಟ್ಟಿದಂತೆ ವರ್ತಿಸುವುದೂ ಉಂಟು. ನಿಮ್ಮದು ಯಾವ ಬಗೆಯದೆಂದು ಮಾರಾಟಗಾರರಿಂದ ಕೇಳಿ ತಿಳಿಯಿರಿ.

‘ಕೈ ಕೆಸರಾದರೆ ಬಾಯಿ ಮೊಸರು’ ಎಂಬ ಗಾದೆ ಹೊಲಕ್ಕೆ ಸರಿ, ಈ ಫಲಕಕ್ಕೆ ಸಲ್ಲದು. ಕೈ ತೊಳೆದು, ಒರೆಸಿಕೊಂಡು ಮುಟ್ಟಿರಿ. ಬೆರಳ ತುದಿಯಿಂದ ಒಮ್ಮೆ ಮೆಲ್ಲಗೆ ಒತ್ತಿ ಒಂದು ಕ್ಷಣ ತಾಳಿರಿ. ತಕ್ಷಣ ಬದಲಾಗಲಿಲ್ಲವೆಂದು ಮೇಲಿಂದ ಮೇಲೆ ಒತ್ತಿದರೆ ಚಾಲೂ ಆದದ್ದು ಮತ್ತೆ ನಿಂತೀತು. ಪೆನ್ನು, ಸ್ಕ್ರೂಡ್ರೈವರ್, ಕುಡುಗೋಲಿನ ತುದಿಗಳನ್ನು ಎಂದಿಗೂ ತಗಲಿಸಕೂಡದು. ಪರದೆ ಮಲಗಿ ಕಪ್ಪಾಗಿದ್ದರೆ ಗುಂಡಿಗಳಿಲ್ಲದ ಒಂದು ಮೂಲೆಯನ್ನು ಮುಟ್ಟಿ ಎಬ್ಬಿಸಿರಿ; ಕಾಣದ ಗುಂಡಿಯನ್ನು ಒತ್ತಿದಂತಾಗಬಾರದು.

ಅಂಕಿ ತುಂಬುವಾಗ ಎಚ್ಚರಿಕೆ

ಹೆಚ್ಚಿನ ನಷ್ಟವಾಗುವುದು ಇಲ್ಲಿಯೇ. ಗೊಬ್ಬರದ ನೀರಿನ ಇ.ಸಿ. 1.8 ಇರಲೆಂದು ತುಂಬುವಾಗ ಚುಕ್ಕಿ ಬಿಟ್ಟು 18 ಎಂದು ಒತ್ತಿದಿರೆಂದು ತಿಳಿಯಿರಿ. ಯಂತ್ರಕ್ಕೆ ಬುದ್ಧಿಯಿಲ್ಲ. 18 ಮುಟ್ಟಲೆಂದು ಗೊಬ್ಬರದ ಪಂಪನ್ನು ಪೂರ್ಣವಾಗಿ ಓಡಿಸುತ್ತಲೇ ಇರುತ್ತದೆ. ಉಪ್ಪು ಹೆಚ್ಚಾಗಿ ಬೇರು ಸುಟ್ಟು, ಎಲೆಯ ಅಂಚು ಒಣಗಿದ ಮೇಲೆ ತಪ್ಪು ತಿಳಿದರೆ ಪ್ರಯೋಜನವಿಲ್ಲ. ಹಾಗೆಯೇ 15 ನಿಮಿಷ ನೀರು ಬಿಡಬೇಕಾದಲ್ಲಿ ಆ ಮನೆ ಸೆಕೆಂಡಿನದಾಗಿದ್ದರೆ ಕೊಳವೆ ತುಂಬುವುದರೊಳಗೆ ಪಂಪು ನಿಲ್ಲುತ್ತದೆ.

1. ಅಂಕಿ ತುಂಬುವ ಮೊದಲು ಅದರ ಅಳತೆ ಯಾವುದೆಂದು ಓದಿರಿ.

2. ತುಂಬಿದ ಮೇಲೆ ಪರದೆಯಲ್ಲಿ ಮೂಡಿದ ಅಂಕಿಯನ್ನು ಗಟ್ಟಿಯಾಗಿ ಓದಿ, ಚೀಟಿಯಲ್ಲಿ ಬರೆದದ್ದರೊಡನೆ ತಾಳೆ ನೋಡಿರಿ.

3. ಇ.ಸಿ., ರಸಸಾರ, ಕಾಲಾವಧಿಗಳಿಗೆ ಕನಿಷ್ಠ ಹಾಗೂ ಗರಿಷ್ಠ ಮಿತಿಗಳನ್ನು ಹಾಕಿಸಿರಿ. ಆಗ ಮಿತಿ ಮೀರಿದ ಅಂಕಿಯನ್ನು ಫಲಕವೇ ತಿರಸ್ಕರಿಸುತ್ತದೆ.

4. ಗುಂಡಿಗಳ ಹೆಸರನ್ನು ಕನ್ನಡದಲ್ಲಿ ಬರೆಸಿಕೊಡಲು ಮಾರಾಟಗಾರರನ್ನು ಕೇಳಿರಿ. ಅನೇಕ ಫಲಕಗಳಲ್ಲಿ ಇದು ಸಾಧ್ಯ.

ಪರದೆ ಹೇಳಿದ್ದೆಲ್ಲ ನಿಜವಲ್ಲ

ಪರದೆಯಲ್ಲಿ ನೀವು ಬಯಸಿದ ಅಂಕಿ ಮತ್ತು ಈಗಿರುವ ಅಂಕಿ ಎಂದು ಎರಡು ಇರುತ್ತವೆ. ಇವೆರಡನ್ನು ಬೆರೆಸಿಕೊಳ್ಳಬಾರದು. ಈಗಿರುವ ಅಂಕಿಯೂ ಸಂವೇದಕ ತಿಳಿಸಿದಷ್ಟೇ ನಿಜ. ಸಂವೇದಕಕ್ಕೆ ಪಾಚಿ ಅಥವಾ ಗೊಬ್ಬರದ ಹೊಪ್ಪಳೆ ಕಟ್ಟಿದ್ದರೆ ಪರದೆಯೂ ಸುಳ್ಳು ಹೇಳುತ್ತದೆ. ವಾರಕ್ಕೊಮ್ಮೆ ಕೈಮೀಟರಿನಿಂದ ಅಳೆದು ಹೋಲಿಸಿರಿ. ರಸಸಾರದ ಸಂವೇದಕವನ್ನು 7 ಮತ್ತು 4ರ ಪ್ರಮಾಣ ದ್ರಾವಣಗಳಲ್ಲಿ ಅದ್ದಿ ಸರಿಪಡಿಸಿರಿ.

ನೀರು ಹೋಯಿತೆಂದು ಪರದೆ ತೋರಿಸಿದರೂ ಸಾಲಿನ ಕೊನೆಯ ಗಿಡಕ್ಕೆ ಮುಟ್ಟಿತೆ? ಗಂಟೆಗೆ 4 ಲೀಟರಿನ ಡ್ರಿಪ್ಪರಿನ ಕೆಳಗೆ 6 ನಿಮಿಷ ಪಾತ್ರೆ ಇಟ್ಟರೆ 400 ಮಿಲಿಲೀಟರು ಸಿಗಬೇಕು. ಬಹಳ ಕಡಿಮೆ ಸಿಕ್ಕರೆ ಡ್ರಿಪ್ಪರು ಕಟ್ಟಿದೆ ಅಥವಾ ಒತ್ತಡ ಸಾಲದು. ಇದನ್ನು ಯಾವ ಪರದೆಯೂ ನಿಮಗೆ ಹೇಳದು. ಅಂಕಿಗಳ ಜಾಗದಲ್ಲಿ ನಕ್ಷತ್ರ ಗುರುತು ಬಂದರೆ, ಅಥವಾ ಅಂಕಿ ಬಹಳ ಹೊತ್ತು ಅಲುಗದೆ ನಿಂತಿದ್ದರೆ ನಡುವಿನ ತಂತಿಯನ್ನು ಅನುಮಾನಿಸಿರಿ.

ಎಚ್ಚರಿಕೆಯ ಸೂಚನೆ ಬಂದಾಗ ಸದ್ದು ಅಡಗಿಸುವುದಕ್ಕಾಗಿ ಗುಂಡಿ ಒತ್ತಿ ಸುಮ್ಮನಾಗಬಾರದು. ಗುಂಡಿ ಒತ್ತಿದರೆ ಸದ್ದು ನಿಲ್ಲುತ್ತದೆ, ದೋಷ ನಿಲ್ಲುವುದಿಲ್ಲ. ಸೂಚನೆಯನ್ನು ಓದಿ, ವೇಳೆಯೊಡನೆ ಪುಸ್ತಕದಲ್ಲಿ ಬರೆದು, ಕಾರಣ ಹುಡುಕಿರಿ.

ಬಿಸಿಲು, ನೀರು, ಧೂಳು

ಸಾಮಾನ್ಯವಾಗಿ ಇಂಥ ಫಲಕಗಳನ್ನು 50 ಡಿಗ್ರಿ ಸೆಲ್ಸಿಯಸ್‌ವರೆಗಿನ ಉಷ್ಣತೆಗೆ ತಯಾರಿಸಿರುತ್ತಾರೆ. ಬೇಸಿಗೆಯ ನೇರ ಬಿಸಿಲಿಗೆ ಸಿಕ್ಕ ತಗಡಿನ ಪೆಟ್ಟಿಗೆಯೊಳಗೆ ಈ ಮಿತಿ ಸುಲಭವಾಗಿ ಮೀರುತ್ತದೆ. ಆದ್ದರಿಂದ ಪೆಟ್ಟಿಗೆಯನ್ನು ನೆರಳಿನಲ್ಲಿ, ಗಾಳಿಯಾಡುವ ಕಡೆ, ಆಮ್ಲ ಹಾಗೂ ಗೊಬ್ಬರದ ತೊಟ್ಟಿಗಳಿಂದ ದೂರದಲ್ಲಿ ಕೂರಿಸಬೇಕು. ಆಮ್ಲದ ಆವಿ ತಾಮ್ರದ ಸಂಪರ್ಕಗಳನ್ನು ತಿನ್ನುತ್ತದೆ.

ಐ.ಪಿ. 65 ಎಂದು ಬರೆದಿದ್ದರೆ ಧೂಳು ಹೊಗದು, ಚಿಮ್ಮುವ ನೀರನ್ನು ತಡೆಯುತ್ತದೆ ಎಂದರ್ಥ. ಆದರೆ ಅನೇಕ ಫಲಕಗಳಲ್ಲಿ ಈ ರಕ್ಷಣೆ ಮುಂಭಾಗಕ್ಕೆ ಮಾತ್ರ, ಅದೂ ಸುತ್ತಲಿನ ರಬ್ಬರು ಸರಿಯಾಗಿ ಕೂತಿದ್ದರೆ. ಪೈಪು ಹಿಡಿದು ಪೆಟ್ಟಿಗೆಯನ್ನು ತೊಳೆಯಬಾರದು. ಒರೆಸುವಾಗ ಫಲಕದ ವಿದ್ಯುತ್ತು ತೆಗೆದು, ಮೆದು ಸಾಬೂನಿನ ನೀರಿನಲ್ಲಿ ಅದ್ದಿ ಹಿಂಡಿದ ಮೆತ್ತನೆಯ ಬಟ್ಟೆಯನ್ನು ಬಳಸಿರಿ. ಸೀಮೆಎಣ್ಣೆ, ಪೆಟ್ರೋಲು, ಥಿನ್ನರ್ ಕೂಡದು. ಭೂಸಂಪರ್ಕ ಸರಿಯಾಗಿರಲಿ, ಸಿಡಿಲಿನ ಕಾಲದಲ್ಲಿ ರಕ್ಷಣೆಗೆ ಸರ್ಜ್ ತಡೆ ಉಪಕರಣ ಹಾಕಿಸಿರಿ. ಮೋಟಾರಿನ ತಂತಿ ಮತ್ತು ಸಂವೇದಕದ ತಂತಿಗಳನ್ನು ಒಂದೇ ಕೊಳವೆಯಲ್ಲಿ ಎಳೆಯಬಾರದು.

ದಾಖಲೆ ಮತ್ತು ಗುಪ್ತಪದ

ಬೆಳೆಗೆ ಹಾಕಿದ ಎಲ್ಲ ಅಂಕಿಗಳನ್ನೂ ಒಂದು ನೋಟುಪುಸ್ತಕದಲ್ಲಿ ಬರೆದಿಡಿ. ಫಲಕ ಮತ್ತು ಪಿ.ಎಲ್.ಸಿ. ಎರಡರ ಕಾರ್ಯಕ್ರಮದ ಪ್ರತಿಯನ್ನು ಮಾರಾಟಗಾರರಿಂದ ಪೆನ್‌ಡ್ರೈವಿನಲ್ಲಿ ಪಡೆದು ಮನೆಯಲ್ಲಿಡಿ. ಇದಿಲ್ಲದಿದ್ದರೆ ಹೊಸ ಫಲಕ ತಂದರೂ ಅದು ಬರಿಯ ಹಲಗೆ. ಕಾರ್ಖಾನೆಯಿಂದ ಬಂದ ಗುಪ್ತಪದವನ್ನು ಬದಲಿಸಿ, ಅಂಕಿ ತಿದ್ದುವ ಅಧಿಕಾರ ಒಬ್ಬಿಬ್ಬರಿಗೆ ಮಾತ್ರ ಇರಲಿ. ನೀರು ಬಿಡುವ ವೇಳೆ ತಪ್ಪುತ್ತಿದ್ದರೆ ಗಡಿಯಾರ ನೋಡಿರಿ. ಒಳಗಿನ ನಾಣ್ಯದಾಕಾರದ ಬ್ಯಾಟರಿ ಮುಗಿದಿರಬಹುದು.

ಪರದೆ ಕೆಟ್ಟಾಗ

ಗಾಬರಿಯಾಗದೆ ಮೊದಲು ಪಂಪು ಓಡುತ್ತಿದೆಯೇ ನೋಡಿರಿ. ಬೇಡವಾದರೆ ಕೆಂಪು ಗುಂಡಿಯಿಂದ ನಿಲ್ಲಿಸಿರಿ. ಅನಂತರ ಫಲಕದ ವಿದ್ಯುತ್ತು ತೆಗೆದು, ಒಂದು ನಿಮಿಷ ಬಿಟ್ಟು ಹಾಕಿರಿ. ಬೆರಳಿಟ್ಟ ಕಡೆ ಬಿಟ್ಟು ಪಕ್ಕದ ಗುಂಡಿ ಒತ್ತಿದಂತಾದರೆ ಸ್ಪರ್ಶವನ್ನು ಮತ್ತೆ ಹೊಂದಿಸಬೇಕು; ಕೈಪಿಡಿಯಲ್ಲಿ ಕ್ರಮವಿರುತ್ತದೆ. ಆಗಲೂ ಸರಿಹೋಗದಿದ್ದರೆ ಪರದೆಯ ಫೋಟೊ ತೆಗೆದು, ಫಲಕದ ಮಾದರಿ ಸಂಖ್ಯೆ ಬರೆದುಕೊಂಡು ತಂತ್ರಜ್ಞರಿಗೆ ತಿಳಿಸಿರಿ.

ಅಷ್ಟರತನಕ ಗಿಡ ಕಾಯುವುದಿಲ್ಲ. ಬೇಸಿಗೆಯ ಹಸಿರುಮನೆಯಲ್ಲಿ ಒಂದು ದಿನ ನೀರು ತಪ್ಪಿದರೂ ಬೆಳೆ ಬಾಡುತ್ತದೆ. ಆದಕಾರಣ ಪರದೆಯ ನೆರವಿಲ್ಲದೆ ಕೈಯಿಂದಲೇ ಕವಾಟ ತೆರೆದು ನೀರು ಬಿಡುವುದನ್ನು ಮನೆಯ ಇಬ್ಬರಾದರೂ ಕಲಿತಿರಬೇಕು. ಯಂತ್ರ ಸರಿಯಾಗಿರುವಾಗಲೇ ಒಂದು ದಿನ ಇದನ್ನು ಮಾಡಿ ನೋಡಿರಿ.