ಹಲ್ಲಿಲ್ಲದ ಗರಗಸ

ಬಾಲ್ಕನಿಯಲ್ಲಿ ಬಟ್ಟೆ ಒಣಗಿಸಲು ಒಂದು ಪೈಪು, ಗೇಟಿನಲ್ಲಿ ತುಕ್ಕು ತಿಂದ ಒಂದು ಸರಳು. ಇಷ್ಟು ಸಣ್ಣ ಕೆಲಸಕ್ಕೆ ಗ್ರಿಲ್ ಅಂಗಡಿಯವರು ಮನೆತನಕ ಬರುವುದಿಲ್ಲ. ಹಾಗಾಗಿಯೇ ನಾಲ್ಕಿಂಚಿನ ಆಂಗಲ್ ಗ್ರೈಂಡರ್ ಈಗ ಮನೆಗಳಲ್ಲೂ ಡ್ರಿಲ್ಲಿಂಗ್ ಮಷಿನ್ನಿನ ಪಕ್ಕ ಬಂದು ಕೂತಿದೆ. 1954ರಲ್ಲಿ ಜರ್ಮನಿಯ ಆಕರ್‌ಮನ್ ಮತ್ತು ಶ್ಮಿಟ್ ಕಂಪನಿ ರೂಪಿಸಿದ ಈ ಯಂತ್ರ ಹುಟ್ಟಿದ್ದು ಕಾರ್ಖಾನೆಗಾಗಿ. ಮನೆಗೆ ಬಂದರೂ ಅದರ ಸ್ವಭಾವ ಬದಲಾಗಿಲ್ಲ.

ಹ್ಯಾಕ್ಸಾ ಬ್ಲೇಡಿನಲ್ಲಿ ಹಲ್ಲುಗಳು ಕಾಣುತ್ತವೆ. ಗ್ರೈಂಡರಿನ ಕಟಿಂಗ್ ವೀಲಿನಲ್ಲಿ ಎಷ್ಟು ಹುಡುಕಿದರೂ ಹಲ್ಲಿಲ್ಲ. ಸುಮಾರು ಒಂದು ಮಿಲಿಮೀಟರ್ ದಪ್ಪದ ಆ ಬಿಲ್ಲೆ ಅಲ್ಯೂಮಿನಿಯಂ ಆಕ್ಸೈಡಿನ ಹರಳುಗಳನ್ನು ಫಿನಾಲಿಕ್ ರೆಸಿನ್ನಿನಲ್ಲಿ ಕಲಸಿ, ಗಾಜಿನ ನೂಲಿನ ಬಲೆ ಸೇರಿಸಿ, ಒತ್ತಿ ಬೇಯಿಸಿದ್ದು. ಒಂದೊಂದು ಹರಳೂ ಒಂದೊಂದು ಪುಟ್ಟ ಉಳಿ. ಮೊಂಡಾದದ್ದು ಉದುರುತ್ತದೆ, ಹಿಂದಿನದು ಮೇಲೆ ಬರುತ್ತದೆ. ವೀಲ್ ಬೇಗ ಸವೆಯಿತೆಂದು ಅಂಗಡಿಯವನನ್ನು ಬೈಯುವವರಿದ್ದಾರೆ. ಸವೆಯುವುದೇ ಅದರ ಕೆಲಸ.

ವೇಗದ ಲೆಕ್ಕ ನೋಡಿ. 100 ಮಿ.ಮೀ. ವೀಲ್ ನಿಮಿಷಕ್ಕೆ 11,000 ಸುತ್ತು ಹಾಕಿದರೆ ಅದರ ಅಂಚು ಸೆಕೆಂಡಿಗೆ 57 ಮೀಟರ್, ಅಂದರೆ ಗಂಟೆಗೆ 200 ಕಿಲೋಮೀಟರಿಗೂ ಹೆಚ್ಚು ವೇಗದಲ್ಲಿ ಓಡುತ್ತಿರುತ್ತದೆ. ಸಾಮಾನ್ಯ ವೀಲಿನ ಮೇಲೆ ಸೆಕೆಂಡಿಗೆ 80 ಮೀಟರ್ ಎಂಬ ಮಿತಿ ಅಚ್ಚಾಗಿರುತ್ತದೆ. ವೇಗ ಒಂದೂವರೆ ಪಟ್ಟಾದರೆ ವೀಲನ್ನು ಸೀಳಲು ಎಳೆಯುವ ಬಲ ಎರಡೂಕಾಲು ಪಟ್ಟಾಗುತ್ತದೆ. ಗಾರ್ಡ್ ಬಿಚ್ಚಿ, ರಂಧ್ರಕ್ಕೆ ವಾಷರ್ ತುರುಕಿ, ನಾಲ್ಕಿಂಚಿನ ಮಷಿನ್ನಿಗೆ ಏಳಿಂಚಿನ ವೀಲ್ ಹಾಕುವ ಜಾಣತನ ಎಷ್ಟು ಕೆಟ್ಟದ್ದೆಂದು ಇದರಿಂದಲೇ ಗೊತ್ತಾಗುತ್ತದೆ: ಆ ವೀಲಿನ ಮಿತಿ ಸುಮಾರು 8,500 ಸುತ್ತು ಮಾತ್ರ. ಮರ ಕೊಯ್ಯುವ ಹಲ್ಲಿನ ಬ್ಲೇಡನ್ನು ಗ್ರೈಂಡರಿಗೆ ಕಟ್ಟುವುದಂತೂ ಬೇಡವೇ ಬೇಡ.

ವೀಲಿನ ನಡುವಿನ ಲೋಹದ ಬಳೆಯನ್ನು ಒಮ್ಮೆ ಬೆಳಕಿಗೆ ಹಿಡಿದು ನೋಡಿ. ಒಳ್ಳೆಯ ಕಂಪನಿಯದಾದರೆ ಅಲ್ಲಿ ತಿಂಗಳು, ವರ್ಷ ಕೊರೆದಿರುತ್ತದೆ. ಅದು ತಯಾರಾದ ದಿನವಲ್ಲ, ಬಳಕೆಯ ಕೊನೆಯ ಗಡುವು. ಸಾಮಾನ್ಯವಾಗಿ ತಯಾರಾದಂದಿನಿಂದ ಮೂರು ವರ್ಷ. ತೇವ ಕುಡಿದ ರೆಸಿನ್ನಿನ ಹಿಡಿತ ಸಡಿಲವಾಗುತ್ತದೆ. ಮಳೆಗಾಲವೆಲ್ಲ ಬಚ್ಚಲ ಪಕ್ಕದ ಕಪಾಟಿನಲ್ಲಿ ಬಿದ್ದಿದ್ದ ವೀಲನ್ನು, ನೆಲಕ್ಕೆ ಬಿದ್ದೆದ್ದ ವೀಲನ್ನು ಎಸೆದುಬಿಡಿ.

ವೀಲ್ ಒಡೆಯದಿದ್ದರೂ ಸಿಕ್ಕಿಕೊಳ್ಳಬಹುದು. ಪೈಪಿನ ಎರಡೂ ತುದಿಗೆ ಸ್ಟೂಲು ಕೊಟ್ಟು ನಡುವೆ ಕತ್ತರಿಸುತ್ತೀರಿ ಎನ್ನಿ. ಮುಕ್ಕಾಲು ಪಾಲು ಕತ್ತರಿಸಿದಾಗ ಪೈಪು ತನ್ನ ಭಾರಕ್ಕೇ ಬಾಗುತ್ತದೆ, ಸೀಳು ಮುಚ್ಚುತ್ತದೆ, ವೀಲನ್ನು ಕಚ್ಚಿಕೊಳ್ಳುತ್ತದೆ. ವೀಲಿನಲ್ಲಿದ್ದ ಶಕ್ತಿಯೆಲ್ಲ ಆ ಕ್ಷಣ ಮಷಿನ್ನಿಗೇ ತಿರುಗಿ, ಅದು ಕೈಯಿಂದ ಚಿಮ್ಮುತ್ತದೆ. ಆದ್ದರಿಂದ ಒಂದು ಬದಿಯನ್ನು ವೈಸಿನಲ್ಲಿ ಬಿಗಿದು, ತುಂಡಾಗಿ ಬೀಳುವ ಬದಿಯನ್ನು ಗಾಳಿಯಲ್ಲಿ ಬಿಡಿ. ಪಕ್ಕದ ಹಿಡಿ ಕಳಚಬೇಡಿ, ಎರಡೂ ಕೈ ಬಳಸಿ. ವೀಲ್ ತಿರುಗುವ ನೇರದಲ್ಲಿ ಮುಖ ಇಡಬೇಡಿ. ಸ್ವಿಚ್ ಆಫ್ ಮಾಡಿದ ಮೇಲೂ ವೀಲ್ ಕೆಲ ಸೆಕೆಂಡು ತಿರುಗುತ್ತದೆ. ನಿಂತ ಮೇಲೆ ಕೆಳಗಿಡಿ. ವೀಲ್ ಬದಲಿಸುವಾಗ ಪ್ಲಗ್ ಕಿತ್ತಿರಲಿ. ಲುಂಗಿ, ದುಪಟ್ಟಾ, ಇಳಿಬಿದ್ದ ಜಡೆ ಈ ಕೆಲಸಕ್ಕೆ ಹೊಂದುವುದಿಲ್ಲ.

ಇನ್ನು ಕಿಡಿ. ಅದು ಬರೀ ಕಾದ ಚೂರಲ್ಲ, ಗಾಳಿಯ ಆಮ್ಲಜನಕದಲ್ಲಿ ನಿಜಕ್ಕೂ ಉರಿಯುತ್ತಿರುವ ಕಬ್ಬಿಣ. ಅಂಗೈಗೆ ಬಿದ್ದರೆ ಚುರುಕ್ ಎನ್ನುವಷ್ಟೇ, ಆದರೆ ಕಿಟಕಿ ಗಾಜಿಗೆ ಬಿದ್ದರೆ ಕರಗಿ ಅಂಟುತ್ತದೆ. ನೆಲದ ಟೈಲ್ಸ್ ಮೇಲೆ ಬಿದ್ದ ಚೂರುಗಳು ಒದ್ದೆಯಾದರೆ ತುಕ್ಕಿನ ಚುಕ್ಕಿಯಾಗುತ್ತವೆ. ಕಣ್ಣಿನ ಮುಂಭಾಗದ ಪಾರದರ್ಶಕ ಪದರಕ್ಕೆ ನೆಟ್ಟ ಚೂರೂ ಹಾಗೆಯೇ ಕೆಲವೇ ಗಂಟೆಗಳಲ್ಲಿ ಸುತ್ತ ತುಕ್ಕಿನ ಉಂಗುರ ಬಿಡುತ್ತದೆ. ಉಜ್ಜದೆ ಕಣ್ಣಿನ ವೈದ್ಯರ ಬಳಿ ಹೋಗಬೇಕು. ಓದುವ ಕನ್ನಡಕ ಇದಕ್ಕೆ ಸಾಲದು, ಬದಿಗಳನ್ನೂ ಮುಚ್ಚುವ ಗಾಗಲ್ಸ್ ಬೇಕು. ಜಿಐ ಪೈಪಾದರೆ ಬಯಲಲ್ಲೇ ಕತ್ತರಿಸಿ. ಲೇಪನದ ಸತು 907 ಡಿಗ್ರಿಯಲ್ಲಿ ಆವಿಯಾಗುತ್ತದೆ, ಆ ಹೊಗೆ ಕುಡಿದವರಿಗೆ ಸಂಜೆ ಚಳಿಜ್ವರ ಬರಬಹುದು.

ಅಲ್ಯೂಮಿನಿಯಂ ಸೆಕ್ಷನ್, ತೆಳು ತಗಡು ಕತ್ತರಿಸಲು ನನ್ನ ಮತ ಜಿಗ್‌ಸಾಗೆ. ಮೃದುವಾದ ಅಲ್ಯೂಮಿನಿಯಂ ಸಾಮಾನ್ಯ ವೀಲಿನ ಹರಳುಗಳ ನಡುವೆ ಮೆತ್ತಿಕೊಳ್ಳುತ್ತದೆ, ವೀಲ್ ಕತ್ತರಿಸುವುದು ಬಿಟ್ಟು ಉಜ್ಜತೊಡಗುತ್ತದೆ. ಜಿಗ್‌ಸಾಗೆ ಲೋಹದ ಬ್ಲೇಡ್ ಹಾಕಿ, ವೇಗ ತಗ್ಗಿಸಿ, ಬ್ಲೇಡಿಗೆ ಚೂರು ಮೇಣ ಸವರಿ. ಲೋಹದ ದಪ್ಪದೊಳಗೆ ಒಮ್ಮೆಗೆ ಎರಡು ಹಲ್ಲಾದರೂ ಇರಬೇಕು. ಇಲ್ಲವಾದರೆ ತಗಡು ಹಲ್ಲಿಗೆ ಸಿಕ್ಕಿ ಕುಣಿಯುತ್ತದೆ. ಒಂದೇ ಒಂದು ಕರ್ಟನ್ ರಾಡಿಗಾದರೆ ಹ್ಯಾಕ್ಸಾ ಬ್ಲೇಡೇ ಸಾಕು, ಮಷಿನ್ ಯಾಕೆ?

ಖಾಲಿ ಪೆಟ್ರೋಲ್ ಟ್ಯಾಂಕ್, ಥಿನ್ನರ್ ಡಬ್ಬ, ಡೀಸೆಲ್ ಡ್ರಮ್‌ಗಳನ್ನು ಮಾತ್ರ ಮನೆಯಲ್ಲಿ ಕತ್ತರಿಸಲೇಬೇಡಿ. ಖಾಲಿಯಾಗಿದೆ ಎಂದರೆ ಒಳಗೆ ಏನೂ ಇಲ್ಲ ಎಂದಲ್ಲ. ಉಳಿದ ಆವಿ ಗಾಳಿಯೊಂದಿಗೆ ಬೆರೆತಿರುತ್ತದೆ, ಸಿಡಿಯಲು ಒಂದು ಕಿಡಿ ಸಾಕು. ತೊಳೆದಿದ್ದೇನೆ ಎಂದರೂ ಬೇಡ, ಗುಜರಿಗೆ ಹಾಕಿ.