ಸದ್ದು ನಿಂತರೆ ಉಬ್ಬಸ ನಿಂತಂತೆಯೇ?

ಅಸ್ತಮಾದ ಬಗ್ಗೆ ನಮ್ಮ ಮನೆಗಳಲ್ಲಿ ಬೇರೂರಿದ ತಪ್ಪು ಕಲ್ಪನೆಗಳಲ್ಲಿ ಹಲವು ಬರೀ ತೊಂದರೆ ಕೊಡುತ್ತವೆ, ಕೆಲವು ಪ್ರಾಣಕ್ಕೇ ಎರವಾಗುತ್ತವೆ. ಪ್ರಾಣಕ್ಕೆ ಎರವಾಗುವುದನ್ನೇ ಮೊದಲು ಹೇಳುತ್ತೇನೆ.

“ಎದೆಯ ಸುಯ್‌ಗುಟ್ಟುವಿಕೆ ನಿಂತಿದೆ, ಕಣ್ಣು ಮುಚ್ಚಿ ಮಲಗಿದ್ದಾರೆ. ಇನ್ನು ಭಯವಿಲ್ಲ.”

ರಾತ್ರಿಯಿಡೀ ಒದ್ದಾಡಿದವರು ಬೆಳಗಿನ ಜಾವ ಸುಮ್ಮನಾದರೆ ಮನೆಯವರಿಗೆ ಹೀಗನ್ನಿಸುವುದು ಸಹಜ. ಆದರೆ ಆ ಸದ್ದು ಹುಟ್ಟುವುದು ಹೇಗೆ? ಉಬ್ಬಸ ಕೆರಳಿದಾಗ ಶ್ವಾಸನಾಳದ ಸುತ್ತಲಿನ ಸ್ನಾಯು ಬಿಗಿಯುತ್ತದೆ, ಒಳಪದರ ಊದಿಕೊಳ್ಳುತ್ತದೆ, ಅಂಟಂಟಾದ ಕಫ ತುಂಬಿಕೊಳ್ಳುತ್ತದೆ. ಕಿರಿದಾದ ಆ ದಾರಿಯಲ್ಲಿ ಗಾಳಿ ನುಸುಳುವಾಗ ಏಳುವ ಸದ್ದು ಅದು. ಊದದೆ ಪೀಪಿ ನುಡಿಯುವುದಿಲ್ಲ. ಗಾಳಿ ಓಡಾಡಲೂ ಆಗದಷ್ಟು ನಾಳ ಮುಚ್ಚಿಕೊಂಡರೆ ಎದೆಯೂ ಮೌನವಾಗುತ್ತದೆ. ಉಬ್ಬಸದ ರೋಗಿಯ ಎದೆಗೆ ಸ್ಟೆತಾಸ್ಕೋಪ್ ಇಟ್ಟ ವೈದ್ಯರು ಹೆಚ್ಚು ಹೆದರುವುದು ಈ ಮೌನಕ್ಕೆ. ಆ ‘ನಿದ್ದೆ’ಯೂ ನಿದ್ದೆಯಲ್ಲದಿರಬಹುದು. ಉಸಿರೆಳೆದೂ ಎಳೆದೂ ಎದೆಯ ಸ್ನಾಯುಗಳು ಸೋತಾಗ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರಿ ಮಂಪರು ಕವಿಯುತ್ತದೆ. ಇಂಥ ಹೊತ್ತಿನಲ್ಲಿ “ಸ್ವಲ್ಪ ಮಲಗಲಿ” ಎಂದು ನಿದ್ದೆ ಮಾತ್ರೆ ಕೊಡಲೇಬಾರದು, ಅದು ಉಸಿರಾಟವನ್ನು ಇನ್ನಷ್ಟು ಕುಗ್ಗಿಸುತ್ತದೆ.

ಹಾಗಾದರೆ ಏನನ್ನು ನೋಡಬೇಕು? ಮಾತನ್ನು. ಒಂದೇ ಉಸಿರಿನಲ್ಲಿ ಒಂದು ಪೂರ್ತಿ ವಾಕ್ಯ ಹೇಳಲಾಗುತ್ತಿಲ್ಲ, ಒಂದೆರಡು ಪದಕ್ಕೊಮ್ಮೆ ನಿಲ್ಲುತ್ತಿದ್ದಾರೆ ಎಂದರೆ ಅಟ್ಯಾಕ್ ತೀವ್ರವಾಗಿದೆ. ದೊಡ್ಡವರಲ್ಲಿ ಉಸಿರು ನಿಮಿಷಕ್ಕೆ 25, ನಾಡಿ 110 ಮುಟ್ಟಿದರೂ ಅಷ್ಟೇ. ಮಕ್ಕಳಲ್ಲಿ ಈ ಅಂಕಿಗಳು ವಯಸ್ಸಿನ ಮೇಲೆ ಬದಲಾಗುತ್ತವೆ. ಹಾಗಾಗಿ ಅಂಗಿ ಬಿಚ್ಚಿ ನೋಡಿ: ಉಸಿರೆಳೆದಾಗಲೆಲ್ಲ ಪಕ್ಕೆಲುಬುಗಳ ನಡುವೆ, ಕತ್ತಿನ ಬುಡದಲ್ಲಿ ಚರ್ಮ ಒಳಕ್ಕೆ ಸೆಳೆದುಕೊಳ್ಳುತ್ತಿದೆಯೇ? ಮಗು ಹಾಲು ಕುಡಿಯಲೂ ಆಗದೆ ಬಾಯಿ ಬಿಡುತ್ತಿದೆಯೇ? ತುಟಿ ನೀಲಿಗಟ್ಟಿದ್ದರೆ, ಮಾತು ತೊದಲಿದರೆ, ಗೊಂದಲ ಕಂಡರೆ 108ಕ್ಕೆ ಕರೆ ಮಾಡಲು ಕ್ಷಣವೂ ತಡಮಾಡಬಾರದು. ನಿಜವಾಗಿಯೂ ಗುಣವಾದವರು ಸರಾಗವಾಗಿ ಮಾತಾಡುತ್ತಾರೆ, ಎದ್ದು ನಡೆಯುತ್ತಾರೆ.

ಕೋವಿಡ್ ಕಾಲದಲ್ಲಿ ಕೊಂಡ ಆಕ್ಸಿಮೀಟರ್ ಈಗ ಎಷ್ಟೋ ಮನೆಗಳಲ್ಲಿದೆ. 92ಕ್ಕಿಂತ ಕಡಿಮೆ ತೋರಿಸಿದರೆ ಪ್ರಾಣಾಪಾಯ ಖಂಡಿತ. ಆದರೆ 95 ತೋರಿಸಿತೆಂದು ಮನೆಯಲ್ಲೇ ಕೂರುವುದು ಸರಿಯಲ್ಲ. ಆಮ್ಲಜನಕ ಇಳಿಯುವ ಮೊದಲೇ ಅಟ್ಯಾಕ್ ತೀವ್ರವಾಗಿರಬಹುದು. ಅಂಕಿ ಚೆನ್ನಾಗಿದ್ದು ಮಾತು ಕಡಿಯುತ್ತಿದ್ದರೆ ಮಾತನ್ನೇ ನಂಬಿ.

“ಪಂಪ್ ಕೊನೆಯ ಮದ್ದು. ಒಮ್ಮೆ ಹಿಡಿದರೆ ಬಿಡಿಸಲಾಗದು.”

ಎಲ್ಲಕ್ಕಿಂತ ಹೆಚ್ಚು ಸಂಕಟ ಕೊಟ್ಟಿರುವುದು ಪಂಪ್, ಅಂದರೆ ಇನ್‌ಹೇಲರ್ ಬಗೆಗಿನ ಈ ನಂಬಿಕೆ. ಮದುವೆಗೆ ಬಂದ ಹುಡುಗಿ ಪಂಪನ್ನು ಬ್ಯಾಗಿನ ತಳದಲ್ಲಿ ಅಡಗಿಸಿಡುತ್ತಾಳೆ. ಮಗುವಿಗೆ “ಅಷ್ಟು ಸ್ಟ್ರಾಂಗ್ ಬೇಡ, ಮಾತ್ರೆಯೇ ಸಾಕು” ಎನ್ನುತ್ತಾರೆ ಹಿರಿಯರು. ಲೆಕ್ಕ ನೋಡಿದರೆ ಮಾತು ತಿರುಗುಮುರುಗು. ಶ್ವಾಸನಾಳದ ಸ್ನಾಯು ಸಡಿಲಿಸುವ ಸಾಲ್ಬುಟಮಾಲ್ ಮಾತ್ರೆ ಸಾಮಾನ್ಯವಾಗಿ 2 ಇಲ್ಲವೇ 4 ಮಿಲಿಗ್ರಾಂ. ಅದೇ ಮದ್ದು ಪಂಪಿನ ಒಂದು ಪಫ್‌ನಲ್ಲಿ 100 ಮೈಕ್ರೋಗ್ರಾಂ, ಅಂದರೆ 4 ಮಿಲಿಗ್ರಾಂ ಮಾತ್ರೆಯ ನಲವತ್ತರಲ್ಲಿ ಒಂದು ಪಾಲು. ಮಾತ್ರೆ ಹೊಟ್ಟೆ, ರಕ್ತವೆಲ್ಲ ಸುತ್ತಿ, ಕೈ ನಡುಗಿಸಿ, ಎದೆ ಬಡಿತ ಏರಿಸಿ ಕೊನೆಗೆ ಶ್ವಾಸನಾಳ ತಲುಪುತ್ತದೆ. ಪಂಪಿನ ಮದ್ದು ನೇರ ಅಲ್ಲಿಗೇ ಹೋಗಿ ಕೆಲವೇ ನಿಮಿಷಗಳಲ್ಲಿ ಕೆಲಸ ಮಾಡುತ್ತದೆ. ಅದಕ್ಕೆ ಚಟ ಹತ್ತಿಸುವ ಗುಣವಿಲ್ಲ. ದೀರ್ಘಕಾಲದ ಕಾಯಿಲೆಗೆ ದೀರ್ಘಕಾಲ ಮದ್ದು ಬೇಕಾಗುವುದನ್ನು ಚಟ ಎನ್ನಲಾಗದು.

ಅಟ್ಯಾಕ್ ಆದಾಗ ರೋಗಿಯನ್ನು ಮಲಗಿಸಬೇಡಿ. ನೆಟ್ಟಗೆ ಕೂರಿಸಿ, ಬಿಗಿ ಬಟ್ಟೆ ಸಡಿಲಿಸಿ. ಸಾಲ್ಬುಟಮಾಲ್ ಪಂಪನ್ನು ಅಲುಗಾಡಿಸಿ, ಸ್ಪೇಸರ್ ಡಬ್ಬಿಗೆ ಸಿಕ್ಕಿಸಿ ಒಂದು ಪಫ್ ಒತ್ತಿ. ರೋಗಿ ನಾಲ್ಕೈದು ಸಲ ಉಸಿರಾಡಲಿ. ಅರ್ಧ ನಿಮಿಷದಿಂದ ಒಂದು ನಿಮಿಷ ಬಿಟ್ಟು ಇನ್ನೊಂದು. ಹೀಗೆ ಹತ್ತು ಪಫ್‌ವರೆಗೆ ಕೊಡಬಹುದು. ಅಷ್ಟಾದರೂ ಸುಧಾರಿಸದಿದ್ದರೆ 108ಕ್ಕೆ ಕರೆ ಮಾಡಿ. ಆಂಬ್ಯುಲೆನ್ಸ್ ಬರಲು ಹತ್ತು ನಿಮಿಷ ಮೀರಿದರೆ ಮತ್ತೆ ಅದೇ ಕ್ರಮ. ಬೇರೆ ಪಂಪನ್ನು ತುರ್ತಿಗೆಂದು ಬರೆದುಕೊಟ್ಟಿದ್ದರೆ ವೈದ್ಯರು ಹೇಳಿದ ಲೆಕ್ಕದಂತೆ ನಡೆಯಿರಿ. ನೆಬ್ಯುಲೈಸರ್ ಇಲ್ಲವಲ್ಲ ಎಂದು ಕಂಗಾಲಾಗಬೇಕಿಲ್ಲ, ತೀರಾ ತೀವ್ರವಲ್ಲದ ಅಟ್ಯಾಕ್‌ಗಳಲ್ಲಿ ಸ್ಪೇಸರ್ ಅಷ್ಟೇ ಚೆನ್ನಾಗಿ ಕೆಲಸ ಮಾಡುತ್ತದೆ.

“ಇಂಜೆಕ್ಷನ್ ಹಾಕಿಸಿದರೇ ನಿಲ್ಲುವುದು.”

ಡೆರಿಫಿಲಿನ್ ಇಂಜೆಕ್ಷನ್ನಿನ ಹೆಸರು ಗೊತ್ತಿಲ್ಲದ ಉಬ್ಬಸದ ಮನೆ ವಿರಳ. ಅದರಲ್ಲಿರುವ ಥಿಯೋಫಿಲಿನ್ ಗುಂಪಿನ ಮದ್ದನ್ನು ಅಟ್ಯಾಕ್‌ಗೆ ಬಳಸಬಾರದೆಂದೇ ಅಂತರರಾಷ್ಟ್ರೀಯ ಮಾರ್ಗಸೂಚಿ ಗಿನಾ ಹೇಳುತ್ತದೆ. ಉಪಯೋಗ ಕಡಿಮೆ, ಹೃದಯದ ಬಡಿತ ಏರುಪೇರಾಗುವ ಅಪಾಯ ಹೆಚ್ಚು. ಆಸ್ಪತ್ರೆಯಲ್ಲಿ ಮುಖ್ಯವಾಗಿ ಬೇಕಾದದ್ದು ಮೂರು: ಆಮ್ಲಜನಕ, ಮೊದಲ ಗಂಟೆಯಲ್ಲಿ ಇಪ್ಪತ್ತು ನಿಮಿಷಕ್ಕೊಮ್ಮೆ ಸಾಲ್ಬುಟಮಾಲ್, ಬೇಗನೆ ಸ್ಟೀರಾಯ್ಡ್. ತೀವ್ರವಿದ್ದರೆ ಇಪ್ರಾಟ್ರೋಪಿಯಂ, ಅದಕ್ಕೂ ಬಗ್ಗದಿದ್ದರೆ ರಕ್ತನಾಳಕ್ಕೆ ಮೆಗ್ನೀಷಿಯಂ ಸಲ್ಫೇಟ್. ನುಂಗುವ ಸ್ಟೀರಾಯ್ಡ್ ಪ್ರೆಡ್ನಿಸೊಲೋನ್ ಸಾಮಾನ್ಯವಾಗಿ ಇಂಜೆಕ್ಷನ್ನಿನಷ್ಟೇ ಫಲ ಕೊಡುತ್ತದೆ, ಆದರೆ ಕೆಲವು ಗಂಟೆ ಹಿಡಿಯುತ್ತದೆ. ಅದಕ್ಕೇ ತಡವಾಗಿ ಹೊರಡಬಾರದು ಎನ್ನುವುದು. ಸ್ಟೀರಾಯ್ಡ್ ಎಂದೊಡನೆ ಹೆದರುವವರಿಗೊಂದು ಮಾತು: ಜಿಮ್‌ನವರು ಮೈ ಬೆಳೆಸಲು ಬಳಸುವ ಸ್ಟೀರಾಯ್ಡ್ ಬೇರೆಯೇ ಜಾತಿ.

ಇನ್ನು ಮನೆಮದ್ದುಗಳು. ಬಿಸಿ ಕಾಫಿಯ ಕೆಫೀನ್ ನಾಳಗಳನ್ನು ಚೂರು ಸಡಿಲಿಸುವುದು ನಿಜವಾದರೂ ಅಟ್ಯಾಕ್ ತಡೆಯುವ ಶಕ್ತಿ ಅದಕ್ಕಿಲ್ಲ. ಕಫ ಕರಗಲೆಂದು ಹಾಕುವ ಸಾಂಬ್ರಾಣಿ ಹೊಗೆ ಊದಿದ ನಾಳವನ್ನು ಮತ್ತಷ್ಟು ಕೆರಳಿಸುತ್ತದೆ. ನೀರಿನ ಹಬೆಯಿಂದ ಸ್ನಾಯುವಿನ ಬಿಗಿತ ಬಿಡುವುದಿಲ್ಲ, ಏದುಸಿರು ಬಿಡುವ ಮಗುವಿನ ಮೈ ಸುಡುವ ಅಪಾಯ ಬೇರೆ. ಬಾಳೆಹಣ್ಣು, ಮೊಸರು ತಿಂದು ತನಗೆ ಉಬ್ಬಸ ಏಳುತ್ತದೆಂದು ಸ್ವಂತ ಅನುಭವದಿಂದ ಕಂಡವರು ಬಿಡಲಿ; ಎಲ್ಲ ರೋಗಿಗಳೂ ಬಿಡಬೇಕಿಲ್ಲ.

ಪ್ರತಿವರ್ಷ ಜೂನ್‌ನಲ್ಲಿ ಮೃಗಶಿರಾ ಕಾರ್ತೆಯ ಹೊತ್ತಿಗೆ ಹೈದರಾಬಾದಿನಲ್ಲಿ ಬತ್ತಿನಿ ಕುಟುಂಬದವರು ಜೀವಂತ ಪುಟ್ಟ ಮೀನಿನ ಬಾಯಲ್ಲಿ ಮದ್ದಿಟ್ಟು ನುಂಗಿಸುತ್ತಾರೆ. ನಮ್ಮ ಉತ್ತರ ಕರ್ನಾಟಕದಿಂದಲೂ ಜನ ಹೋಗುತ್ತಾರೆ. ಅಷ್ಟು ದೂರ ನಡೆಸಿಕೊಂಡು ಹೋಗುವುದು ಉಸಿರಿಗಾಗಿ ಹಂಬಲಿಸಿ ದಣಿದ ಜೀವ, ಅವರನ್ನು ಹಳಿಯಲು ನನಗೆ ಮನಸ್ಸಿಲ್ಲ. ಆದರೆ ಅದು ಅಸ್ತಮಾ ಗುಣಪಡಿಸುತ್ತದೆಂದು ಯಾವ ವೈಜ್ಞಾನಿಕ ಪರೀಕ್ಷೆಯೂ ತೋರಿಸಿಲ್ಲ. ಅಲ್ಲಿಂದ ಬಂದು ದಿನದ ಇನ್‌ಹೇಲರ್ ಬಿಟ್ಟುಬಿಡುವವರ ಬಗ್ಗೆ ನನ್ನ ಚಿಂತೆ.

“ಪಂಪ್ ಎಳೆದೆ, ಸರಿಹೋಯಿತು. ಮುಗಿಯಿತಲ್ಲ?”

ಸಾಲ್ಬುಟಮಾಲ್ ಸ್ನಾಯುವನ್ನಷ್ಟೇ ಸಡಿಲಿಸುತ್ತದೆ. ಒಳಗಿನ ಊತ ದಿನಗಟ್ಟಲೆ ಉಳಿಯುತ್ತದೆ, ಅದು ಇಳಿಯುವುದು ಸ್ಟೀರಾಯ್ಡ್‌ನಿಂದ. ದೊಡ್ಡವರಿಗೆ ಐದರಿಂದ ಏಳು ದಿನ ಬರೆದ ಮಾತ್ರೆಯನ್ನು ಎರಡನೇ ದಿನಕ್ಕೇ ನಿಲ್ಲಿಸಬಾರದು. ಬರೀ ಸಾಲ್ಬುಟಮಾಲನ್ನೇ ನೆಚ್ಚಿಕೊಂಡು ಅಸ್ತಮಾ ನಿಭಾಯಿಸುವುದು ಬೇಡವೆಂದು ಗಿನಾ 2019ರಲ್ಲೇ ಹೇಳಿದೆ. 200 ಪಫ್‌ಗಳ ಪಂಪ್ ವರ್ಷಕ್ಕೆ ಮೂರು ಖಾಲಿಯಾಗುತ್ತಿದ್ದರೆ ಅಟ್ಯಾಕ್‌ನ ಅಪಾಯ ಹೆಚ್ಚಿದೆ ಎಂದೇ ಅರ್ಥ. ಅಟ್ಯಾಕ್ ತಗ್ಗಿದ ಎರಡು ದಿನದೊಳಗೆ ವೈದ್ಯರನ್ನು ಕಾಣಿ. ಹೋಗುವಾಗ ಪಂಪುಗಳನ್ನೂ ಒಯ್ದು ಅವರ ಎದುರೇ ಒಮ್ಮೆ ಎಳೆದು ತೋರಿಸಿ, ವಿಧಾನ ತಪ್ಪಿದ್ದರೆ ಅಲ್ಲೇ ತಿದ್ದುತ್ತಾರೆ.