ಪೊರೆಯಲ್ಲೊಂದು ತೂತು

ಆಷಾಢದ ಮಳೆ ಹಿಡಿದ ದಿನಗಳಲ್ಲಿ ಭಟ್ಕಳದಿಂದ ಹೊನ್ನಾವರ, ಕುಮಟೆಗಳವರೆಗೆ ಕರಾವಳಿಯ ಗದ್ದೆಗಳೆಲ್ಲ ಕೆಸರುಮಯವಾಗಿರುತ್ತವೆ. ನಾಟಿಗೆ ಇಳಿದವರು ದಿನವಿಡೀ ಆ ನೀರಿನಲ್ಲಿ ನಿಂತಿರುತ್ತಾರೆ. ಇಲಿ ಹೆಗ್ಗಣಗಳ ಮೂತ್ರವೂ ಅದೇ ನೀರನ್ನು ಸೇರುತ್ತದೆ. ಇಲಿಜ್ವರದ ಬೀಜವು ಕಾಲಿನ ಗೀರುಗಾಯಗಳ ಮೂಲಕ ದೇಹವನ್ನು ಹೊಗುವುದು ಹೀಗೆ. ಆ ಬೀಜದ ಹೆಸರು ಲೆಪ್ಟೊಸ್ಪೈರ. ನಮ್ಮ ತಲೆಗೂದಲಿಗಿಂತ ಏಳೆಂಟು ನೂರು ಪಟ್ಟು ಸಪೂರವಾದ, ಸುರುಳಿ ಸುತ್ತಿದ ಎಳೆಯಂಥ ಏಕಾಣುಜೀವಿ. ತುದಿ ಕೊಕ್ಕೆಯಂತೆ ಬಾಗಿರುವುದರಿಂದ ಪ್ರಶ್ನಚಿಹ್ನೆಯನ್ನು ನೆನಪಿಸುತ್ತದೆ. ರೋಗಕಾರಕ ಜಾತಿಗೆ ‘ಇಂಟೆರೊಗ್ಯಾನ್ಸ್’ ಎಂಬ ಹೆಸರು ಬಂದದ್ದೂ ಅದರಿಂದಲೇ.

ಇದಕ್ಕೊಬ್ಬ ನಿರುಪದ್ರವಿ ದಾಯಾದಿ ಇದ್ದಾನೆ. ಸಿಹಿನೀರಿನಲ್ಲಿ, ತೇವದ ಮಣ್ಣಿನಲ್ಲಿ ಬಾಳುವ ಆತನ ಹೆಸರು ಬೈಫ್ಲೆಕ್ಸಾ. ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ಹಳದಿ ತಿಳಿಯನ್ನು ಸೀರಮ್ ಎನ್ನುತ್ತಾರೆ. ಮನುಷ್ಯನ ಹೊಸ ಸೀರಮ್ಮಿನಲ್ಲಿ ಇವೆರಡನ್ನೂ ಬೇರೆಬೇರೆಯಾಗಿ ಹಾಕಿದರೆ ಬೈಫ್ಲೆಕ್ಸಾ ಬೇಗನೆ ಸಾಯುತ್ತದೆ, ಇಂಟೆರೊಗ್ಯಾನ್ಸ್ ಬದುಕಿ ಉಳಿಯುತ್ತದೆ. ಆ ತಿಳಿಯಲ್ಲಿ ಬಿಳಿಯ ರಕ್ತಕಣಗಳಿಲ್ಲ, ಜೀವವಿರುವ ಯಾವ ಕಾವಲುಗಾರನೂ ಇಲ್ಲ. ಹಾಗಾದರೆ ಕೊಂದವರಾರು? ಇನ್ನೊಬ್ಬನನ್ನು ಬಿಟ್ಟದ್ದೇಕೆ?

ಮೊದಲ ಪ್ರಶ್ನೆಗೆ ಉತ್ತರದ ಸುಳಿವು ದೊರೆತದ್ದು ೧೮೯೫ರಲ್ಲಿ, ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯಲ್ಲಿ. ಜೂಲ್ ಬೋರ್ದೆ ಎಂಬ ತರುಣನು ಕಾಲರಾ ಜೀವಿಗಳನ್ನು ಕೊಲ್ಲಬಲ್ಲ ಸೀರಮ್ಮನ್ನು ಸುಮಾರು ೫೬ ಡಿಗ್ರಿ ಸೆಂಟಿಗ್ರೇಡಿಗೆ ಕಾಯಿಸಿದಾಗ ಅದರ ಮಾರಕಶಕ್ತಿ ಹೊರಟುಹೋಯಿತು. ಅದಕ್ಕೆ ಕಾಯಿಸದ ಸಾಧಾರಣ ಸೀರಮ್ಮನ್ನು ಬೆರೆಸಿದೊಡನೆ ಶಕ್ತಿ ಮರಳಿ ಬಂದಿತು. ಶಾಖವನ್ನು ತಾಳಿಕೊಳ್ಳುವ ಪ್ರತಿಕಾಯಗಳು ಶತ್ರುವನ್ನು ಗುರುತಿಸುತ್ತವೆ. ಶಾಖಕ್ಕೆ ಕೆಡುವ ಇನ್ನೇನೋ ಒಂದು ಅದನ್ನು ಕೊಲ್ಲುತ್ತದೆ. ಈ ‘ಇನ್ನೇನೋ’ ಎಂಬುದಕ್ಕೆ ಪಾಲ್ ಏರ್ಲಿಕ್ ಕಾಂಪ್ಲಿಮೆಂಟ್, ಎಂದರೆ ಪೂರಕ, ಎಂದು ಹೆಸರಿಟ್ಟನು. ಬೋರ್ದೆಗೆ ೧೯೧೯ನೆಯ ಇಸವಿಯ ನೊಬೆಲ್ ಪಾರಿತೋಷಕ ಸಂದಿತು.

ಪೂರಕವೆಂಬುದು ಒಂದೇ ವಸ್ತುವಲ್ಲ. ಒಂದನ್ನೊಂದು ಎಬ್ಬಿಸುವ ಹಲವು ಪ್ರೋಟೀನುಗಳ ಸರಪಳಿ. ಅದರ ಕೊನೆಯ ಕೊಂಡಿಗಳನ್ನು ಮಾತ್ರ ನೋಡೋಣ. ಐದನೆಯ ಪ್ರೋಟೀನು ತುಂಡಾಗಿ, ಅದರ ದೊಡ್ಡ ತುಂಡಿಗೆ ಆರನೆಯದೂ ಏಳನೆಯದೂ ಅಂಟಿಕೊಂಡು, ಮೂರೂ ಸೇರಿ ಶತ್ರುವಿನ ಪೊರೆಯ ಮೇಲೆ ಕೂರುತ್ತವೆ. ಎಂಟನೆಯದು ಪೊರೆಯನ್ನು ಮೊದಲು ಚುಚ್ಚುತ್ತದೆ. ಆಮೇಲೆ ಒಂಬತ್ತನೆಯ ಪ್ರೋಟೀನಿನ ೧೮ ಪ್ರತಿಗಳು ಒಂದರ ಪಕ್ಕಕ್ಕೊಂದು ನಿಂತು ಬಳೆಯಾಗುತ್ತವೆ. ಈ ಬಳೆಯ ಒಳವ್ಯಾಸ ಸುಮಾರು ೧೧ ನ್ಯಾನೊಮೀಟರ್. ಇಂಥ ಏಳು ಸಾವಿರ ತೂತುಗಳನ್ನು ಸಾಲಾಗಿ ಇಟ್ಟರೆ ಒಂದು ಕೂದಲಿನ ಅಗಲವಾದೀತು. ೧೯೬೪ರಲ್ಲಿ ಇಲೆಕ್ಟ್ರಾನ್ ಸೂಕ್ಷ್ಮದರ್ಶಕದ ಚಿತ್ರಗಳಲ್ಲಿ ಕೆಂಪು ರಕ್ತಕಣದ ಪೊರೆಯ ಮೇಲೆ ಈ ತೂತುಗಳು ಕಂಡವು. ೨೦೧೬ರ ಚಿತ್ರಗಳಲ್ಲಿ ಬಳೆಯ ರಚನೆಯೇ ಸ್ಪಷ್ಟವಾಯಿತು: ಅದು ದುಂಡಾಗಿ ಕೂಡಿಕೊಂಡ ಬಳೆಯಲ್ಲ, ಒಂದೆಡೆ ಸೀಳಿ ತುಸು ತಿರುಚಿದ ಬಳೆ.

ಇಷ್ಟು ಸಣ್ಣ ತೂತಿನಿಂದ ಸಾವು ಹೇಗೆ? ನನ್ನಂಥ ಭೌತಶಾಸ್ತ್ರದ ಅಧ್ಯಾಪಕನಿಗೆ ರುಚಿಸುವ ಭಾಗ ಇದೇ. ಶರಾವತಿಯ ಅಳಿವೆಯಲ್ಲಿ ತೂತಾದ ದೋಣಿಗೆ ನೀರು ನುಗ್ಗುವುದು ಹೊರಗಿನ ನೀರಿನ ಒತ್ತಡದಿಂದ. ಜೀವಕೋಶದಲ್ಲಿ ಕಾರಣ ಬೇರೆ. ಸಾಣಿಕಟ್ಟೆಯ ಉಪ್ಪಿನಲ್ಲಿ ಹಾಕಿದ ಮಾವಿನ ಮಿಡಿ ಸುಕ್ಕುಗಟ್ಟುತ್ತದೆ, ಅದನ್ನೇ ತೆಗೆದು ಸಿಹಿನೀರಿನಲ್ಲಿಟ್ಟರೆ ಉಬ್ಬುತ್ತದೆ. ಈ ಅಭಿಸರಣವೇ ಇಲ್ಲಿಯೂ ಕೆಲಸಮಾಡುತ್ತದೆ. ಒಂದು ಕೆಂಪು ರಕ್ತಕಣದಲ್ಲಿ ಸುಮಾರು ೭೦೦ ಕೋಟಿ ಪೊಟ್ಯಾಸಿಯಂ ಅಯಾನುಗಳಿವೆ. ವಿಸರಣದ ನಿಯಮದಂತೆ ಸ್ಥೂಲವಾಗಿ ಲೆಕ್ಕ ಹಾಕಿದರೆ, ೧೧ ನ್ಯಾನೊಮೀಟರಿನ ಒಂದು ತೂತಿನಿಂದ ಸೆಕೆಂಡಿಗೆ ಕೆಲವು ಹತ್ತು ಕೋಟಿ ಅಯಾನುಗಳು ಹೊರಬೀಳಬಲ್ಲವು. ಕೆಲವೇ ಹತ್ತು ಸೆಕೆಂಡುಗಳಲ್ಲಿ ಉಗ್ರಾಣ ಬರಿದು! ಪೊರೆಯಲ್ಲಿರುವ ಪಂಪುಗಳು ಎಷ್ಟು ದುಡಿದರೂ ಇದನ್ನು ತುಂಬಿಕೊಡಲಾರವು. ಸೋಡಿಯಂ ಇದೇ ದಾರಿಯಿಂದ ಒಳಬರುತ್ತದೆ. ಹೀಮೊಗ್ಲೋಬಿನ್ನಿನಂಥ ದೊಡ್ಡ ಕಣಗಳಾದರೋ ಅಷ್ಟು ಬೇಗ ಹೊರಡಲಾರವು; ಅವುಗಳ ಸೆಳೆತಕ್ಕೆ ನೀರು ಒಳನುಗ್ಗಿ ಕಣವು ಉಬ್ಬಿ ಒಡೆಯುತ್ತದೆ. ಕುರಿಯ ರಕ್ತಕಣಗಳ ಮೇಲೆ ಪ್ರಯೋಗ ಮಾಡಿದ ಮ್ಯಾನ್‌ಫ್ರೆಡ್ ಮೇಯರ್, ಒಂದು ಕಣವನ್ನು ಕೊಲ್ಲಲು ಒಂದೇ ತೂತು ಸಾಕೆಂದು ೧೯೬೧ರಲ್ಲಿ ವಾದಿಸಿದನು.

ಏಕಾಣುಜೀವಿಗಳ ವಿಷಯ ಇಷ್ಟು ಸರಳವಲ್ಲ. ಲೆಪ್ಟೊಸ್ಪೈರದಂಥವುಗಳಿಗೆ ಎರಡು ಪೊರೆಗಳಿವೆ. ಬಳೆ ಕೂರುವುದು ಹೊರಪೊರೆಯಲ್ಲಾದರೂ ಜೀವಿ ಸಾಯುವಾಗ ಒಳಪೊರೆಯೂ ಕೆಟ್ಟಿರುತ್ತದೆ. ಅದು ಹೇಗೆಂಬ ಚರ್ಚೆ ಇನ್ನೂ ಮುಗಿದಿಲ್ಲ. ಕುರು ಬರಿಸುವ ಸ್ಟ್ಯಾಫಿಲೊಕಾಕಸ್ಸಿನ ದಪ್ಪ ಗೋಡೆಯನ್ನಂತೂ ಈ ಅಸ್ತ್ರ ಭೇದಿಸಲಾರದು.

ನಮ್ಮದೇ ಕೋಶಗಳು ಇದೇ ರಕ್ತದಲ್ಲಿ ಮುಳುಗಿದ್ದರೂ ಉಳಿದಿರುವುದು ಸಿಡಿ-೫೯ ಎಂಬ ಕಾವಲು ಪ್ರೋಟೀನಿನಿಂದ. ಒಂಬತ್ತನೆಯ ಪ್ರೋಟೀನುಗಳು ಬಳೆಗಟ್ಟದಂತೆ ಅದು ಅಡ್ಡನಿಲ್ಲುತ್ತದೆ. ಬಳೆ ಕಟ್ಟುವಾಗ ಮೊದಲನೆಯ ಪ್ರತಿ ಸೇರಲು ತಡವಾಗುತ್ತದೆ, ಮಿಕ್ಕವು ಬೇಗ ಬೇಗ ಸೇರುತ್ತವೆ ಎಂದು ಲಂಡನ್ನಿನ ವಿಜ್ಞಾನಿಗಳು ೨೦೧೯ರಲ್ಲಿ ತೋರಿಸಿದರು. ಆ ಬಿಡುವೇ ಕಾವಲುಗಾರನಿಗೆ ಸಿಗುವ ಅವಕಾಶ. ಅಸ್ಥಿಮಜ್ಜೆಯ ಮೂಲಕೋಶವೊಂದರಲ್ಲಿ ದೋಷವುಂಟಾಗಿ ಈ ಕಾವಲಿಲ್ಲದ ರಕ್ತಕಣಗಳು ಹುಟ್ಟಿದರೆ ಸ್ವಂತ ಪೂರಕವೇ ಅವುಗಳನ್ನು ಒಡೆಯುತ್ತದೆ, ಬೆಳಗಿನ ಮೂತ್ರ ಕಪ್ಪುಗೆಂಪಾಗುತ್ತದೆ. ಐದನೆಯ ಪ್ರೋಟೀನನ್ನು ಕಟ್ಟಿಹಾಕುವ ಎಕುಲಿಜುಮಾಬ್ ಎಂಬ ಔಷಧಿ ೨೦೦೭ರಿಂದ ಈ ರೋಗಿಗಳಿಗೆ ದೊರೆಯುತ್ತಿದೆ. ಆದರೆ ಅದನ್ನು ತೆಗೆದುಕೊಳ್ಳುವವರಿಗೆ ಮಿದುಳುಪೊರೆಯ ಉರಿಯೂತ ತರುವ ಮೆನಿಂಗೊಕಾಕಸ್ಸಿನ ಭಯ ಬಹಳ ಹೆಚ್ಚು; ಮುಂಚಿತವಾಗಿ ಲಸಿಕೆ ಹಾಕಿಸಬೇಕು. ತೂತು ಕೊರೆಯುವ ಈ ಯಂತ್ರ ದಿನದಿನವೂ ನಮಗೆ ಮಾಡುವ ಉಪಕಾರಕ್ಕೆ ಬೇರೆ ಸಾಕ್ಷಿ ಬೇಕೆ?

ಈಗ ಎರಡನೆಯ ಪ್ರಶ್ನೆ. ಪೂರಕವು ನಮ್ಮ ಮೇಲೆಯೇ ತಿರುಗಿ ಬೀಳದಂತೆ ತಡೆಯಲು ರಕ್ತದಲ್ಲಿ ‘ಎಚ್ ಅಂಶ’ವೆಂಬ ಇನ್ನೊಂದು ಪ್ರೋಟೀನು ತೇಲುತ್ತಿರುತ್ತದೆ. ಇಂಟೆರೊಗ್ಯಾನ್ಸ್ ಅದನ್ನೇ ಹಿಡಿದು ತನ್ನ ಮೈಗೆ ಹೊದ್ದುಕೊಳ್ಳುತ್ತದೆ. ನಾಟಿಗೆ ಇಳಿದವನ ರಕ್ತದಲ್ಲಿ ಅದು ಮೊದಲ ವಾರ ಅಡ್ಡಾಡುವುದು ಹೀಗೆ ವೇಷ ಮರೆಸಿಕೊಂಡೇ. ಜ್ವರ, ಮೀನಖಂಡಗಳ ವಿಪರೀತ ನೋವು, ಕೆಂಪೇರಿದ ಕಣ್ಣು ಆಗಿನ ಲಕ್ಷಣಗಳು. ವೈದ್ಯರು ಕೊಡುವ ಜೀವಿರೋಧಕ ಔಷಧಿ ಹೆಚ್ಚು ಫಲಕೊಡುವುದೂ ಆಗಲೇ. ವಾರ ಕಳೆಯುವಷ್ಟರಲ್ಲಿ ಪ್ರತಿಕಾಯಗಳು ಹುಟ್ಟಿ ರಕ್ತ ಶುದ್ಧವಾಗುತ್ತ ಬರುತ್ತದೆ. ಅಷ್ಟರಲ್ಲಿ ಜೀವಿಯು ಮೂತ್ರಪಿಂಡದ ನಳಿಕೆಗಳನ್ನು ಸೇರಿರುತ್ತದೆ. ಅಲ್ಲಿಗೆ ಪ್ರತಿಕಾಯವಾಗಲಿ ಪೂರಕವಾಗಲಿ ತಲಪುವುದು ಕಷ್ಟ. ಇಲಿಯ ಮೂತ್ರಪಿಂಡದಲ್ಲಿ ಅದು ತಿಂಗಳುಗಟ್ಟಲೆ, ಎಷ್ಟೋ ವೇಳೆ ಇಲಿಯ ಜೀವಮಾನವಿಡೀ, ಇಲಿಗೆ ಯಾವ ಕಾಯಿಲೆಯನ್ನೂ ತಾರದೆ ನೆಲಸಿರುತ್ತದೆ.